ಸರಪಳಿ ಬಿಚ್ಚಿದ ಮೇಲೆ ಎಲ್ಲಿಗೆ? ನಾಂದಣಿಯ ಆನೆ ಎತ್ತಿದ ಪ್ರಶ್ನೆ

ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ನಾಂದಣಿ ಜೈನ ಮಠದ ಆನೆ ಮಹಾದೇವಿ 2025ರ ಜುಲೈ ಕೊನೆಯ ವಾರ ಲಾರಿ ಏರಿ ಗುಜರಾತಿನ ಜಾಮನಗರಕ್ಕೆ ಹೊರಟಾಗ ಇಡೀ ಊರು ಬೀದಿಯಲ್ಲಿತ್ತು. ಹೆಂಗಸರು, ಮಕ್ಕಳು ಕಣ್ಣೀರು ಹಾಕಿದರು. ಪೊಲೀಸ್ ವಾಹನಗಳ ಮೇಲೆ ಕಲ್ಲುಗಳೂ ಬಿದ್ದವು. 1992ರಲ್ಲಿ ಕರ್ನಾಟಕದಿಂದ ಮರಿಯಾಗಿ ಬಂದ ಈ ಆನೆಯನ್ನು ಜನ ಪ್ರೀತಿಯಿಂದ ಮಾಧುರಿ ಎಂದೂ ಕರೆಯುತ್ತಿದ್ದರು. ಅದನ್ನು ಕಳಿಸಿದ್ದು ಬಾಂಬೆ ಹೈಕೋರ್ಟ್ ಆದೇಶ. ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿತ್ತು.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಆಗಸ್ಟ್ 3ರಂದು ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರದ ಜಿಲ್ಲಾಧಿಕಾರಿ ಕಚೇರಿಯವರೆಗೆ ಮೌನವಾಗಿ ನಡೆದರು. ಎರಡು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹವಾಯಿತು. ಜಾಮನಗರದ ವನತಾರಾ ಕೇಂದ್ರ ಅಂಬಾನಿ ಕುಟುಂಬದ್ದು ಎಂಬ ಕಾರಣಕ್ಕೆ ಜನ ಜಿಯೋ ಸಿಮ್ ಬಿಟ್ಟು ಬೇರೆ ಕಂಪನಿಗೆ ಹೋದರು. ಗಡಿಯಾಚೆ ಬೆಳಗಾವಿ ಭಾಗದಲ್ಲೂ ಈ ಮಠಕ್ಕೆ ಭಕ್ತರಿದ್ದಾರೆ, ಹಾಗಾಗಿ ಸುದ್ದಿ ಮರಾಠಿಯಷ್ಟೇ ಜೋರಾಗಿ ಕನ್ನಡದಲ್ಲೂ ಓಡಾಡಿತು.

ಪ್ರಾಣಿಗಳನ್ನು ಸೆರೆಯಲ್ಲಿಟ್ಟು ಮೆರೆಸುವುದರ ವಿರುದ್ಧ ಹೋರಾಡುವವರು ನಲವತ್ತು ವರ್ಷಗಳಿಂದ ಬಳಸುತ್ತ ಬಂದ ಸಾಧನಗಳು ಇವೇ: ಸಹಿ, ಪಾದಯಾತ್ರೆ, ಬಹಿಷ್ಕಾರ. ಈ ಬಾರಿ ಮಾತ್ರ ಅವು ಎದುರು ಪಕ್ಷದ ಕೈಯಲ್ಲಿದ್ದವು. ಜನಾಂದೋಲನ ಆನೆಯನ್ನು ವಾಪಸ್ ತರಲು ನಡೆಯಿತು. ಬಿಡಿಸುವ ಕೆಲಸ ದೂರು, ಸಮಿತಿ, ತೀರ್ಪು ಎಂದು ಕಡತದಲ್ಲೇ ಸಾಗಿತ್ತು.

ಹಾಗೆಂದು ತೀರ್ಪು ತಪ್ಪು ಎನ್ನಲಾಗದು. ಪೇಟಾ ಇಂಡಿಯಾ ಸಂಸ್ಥೆಯ ದೂರಿನ ಮೇಲೆ ಉನ್ನತಾಧಿಕಾರ ಸಮಿತಿಯ ಮುಂದೆ ಬಂದ ವರದಿಗಳಲ್ಲಿ ಪಾದದ ಕೊಳೆತ, ವಿಪರೀತ ಬೆಳೆದ ಉಗುರು, ತೀವ್ರ ಸಂಧಿವಾತದ ಉಲ್ಲೇಖವಿತ್ತು. ಅನುಮತಿಯಿಲ್ಲದೆ ತೆಲಂಗಾಣಕ್ಕೆ ಒಯ್ದು ಮೆರವಣಿಗೆಯಲ್ಲಿ ಬಳಸಿದ ದೂರೂ ಕಡತದಲ್ಲಿತ್ತು. ಆನೆ ತಮ್ಮ ಧಾರ್ಮಿಕ ಪರಂಪರೆಯ ಭಾಗ ಎಂಬುದು ಮಠದ ವಾದ. ಆಚರಣೆಗೆ ಆನೆಯನ್ನು ಬಳಸುವ ಮನುಷ್ಯರ ಹಕ್ಕಿಗಿಂತ ನೆಮ್ಮದಿಯಾಗಿ ಬದುಕುವ ಆನೆಯ ಹಕ್ಕು ದೊಡ್ಡದು ಎಂದು ಹೈಕೋರ್ಟ್ ಜುಲೈ 16ರಂದು ಹೇಳಿತು. ಸಿಮೆಂಟ್ ನೆಲದ ಮೇಲೆ ಒಂಟಿಯಾಗಿ ದಶಕಗಳನ್ನು ಕಳೆದ ಆನೆಗೆ ಏನಾಗುತ್ತದೆ ಎಂಬುದು ಪಶುವೈದ್ಯರಿಗೆ ಹೊಸದೇನಲ್ಲ. ಭಕ್ತಿ ನಿಜವಾಗಿದ್ದ ಮಾತ್ರಕ್ಕೆ ಸಂಧಿವಾತ ವಾಸಿಯಾಗುವುದಿಲ್ಲ.

ಆದರೂ ಅಷ್ಟು ಜನ ಬೀದಿಗೆ ಬಂದಿದ್ದೇಕೆ? ಇದಕ್ಕೆ ಅದೇ ಜಿಲ್ಲೆಯ ಇನ್ನೊಂದು ಆನೆಯ ಕಥೆ ನೋಡಬೇಕು.

ಸುಂದರ್ ಬನ್ನೇರುಘಟ್ಟಕ್ಕೆ ಬಂದದ್ದು

ಕೊಲ್ಹಾಪುರದ ಜ್ಯೋತಿಬಾ ದೇವಸ್ಥಾನಕ್ಕೆ 2007ರಲ್ಲಿ ಸ್ಥಳೀಯ ಶಾಸಕರೊಬ್ಬರು ಸುಂದರ್ ಎಂಬ ಗಂಡಾನೆಯನ್ನು ಕಾಣಿಕೆಯಾಗಿ ಕೊಟ್ಟಿದ್ದರು. ಅದನ್ನು ಕಾಲಿಗೆ ಸರಪಳಿ ಬಿಗಿದು ಶೆಡ್ಡಿನಲ್ಲಿ ಕಟ್ಟಿಹಾಕಿದ್ದು, ಮಾವುತ ಹೊಡೆಯುತ್ತಿದ್ದದ್ದು ವಿಡಿಯೋದಲ್ಲಿ ಬಯಲಾಯಿತು. ದೇಶ ವಿದೇಶಗಳಲ್ಲಿ ಅಭಿಯಾನ ನಡೆಯಿತು. 2014ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಬಿಡುಗಡೆಗೆ ಆದೇಶಿಸಿತು, ಜೂನ್‌ನಲ್ಲಿ ಸುಂದರ್ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಬಂದಿಳಿಯಿತು. ಅಲ್ಲಿ ಬೇರೆ ಆನೆಗಳಿದ್ದವು, ಕಾಡಿತ್ತು.

ಸುಂದರ್ ವಿಷಯದಲ್ಲೂ ವಿರೋಧವಿತ್ತು, ಮೇಲ್ಮನವಿಯೂ ಆಯಿತು. ಆದರೆ ಲಕ್ಷಗಟ್ಟಲೆ ಸಹಿ ಬೀಳಲಿಲ್ಲ. ನಾಂದಣಿಯಲ್ಲಿ ಒಂದು ತಲೆಮಾರಿನ ಮಕ್ಕಳು ಮಹಾದೇವಿಯನ್ನು ನೋಡುತ್ತಲೇ ಬೆಳೆದಿದ್ದರು ಎಂಬುದು ಒಂದು ವ್ಯತ್ಯಾಸ. ಅದಕ್ಕಿಂತ ದೊಡ್ಡ ವ್ಯತ್ಯಾಸ ಆನೆ ಹೋದ ಜಾಗದ್ದು. ಬನ್ನೇರುಘಟ್ಟ ಸರ್ಕಾರಿ ಉದ್ಯಾನ. ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ವನತಾರಾ ಖಾಸಗಿ ಕೇಂದ್ರ, ಹಳ್ಳಿಯಿಂದ ಸಾವಿರ ಕಿಲೋಮೀಟರ್ ಆಚೆ, ದೇಶದ ಅತಿ ಶ್ರೀಮಂತ ಕುಟುಂಬದ ಕೈಯಲ್ಲಿ. ‘ನಮ್ಮ ಆನೆಯನ್ನು ಬಿಡಿಸಿದರು’ ಎನ್ನುವುದರ ಬದಲು ‘ನಮ್ಮ ಆನೆಯನ್ನು ದೊಡ್ಡವರಿಗೆ ಕೊಟ್ಟರು’ ಎಂಬ ಭಾವನೆ ಊರಿನಲ್ಲಿ ಬೇರೂರಿದ್ದು ಇದರಿಂದಲೇ. ವನತಾರಾ ಬಗ್ಗೆ ಎದ್ದ ದೂರುಗಳ ತನಿಖೆಗೆ ಸುಪ್ರೀಂ ಕೋರ್ಟ್ ಆಗಸ್ಟ್ 25ರಂದು ನಿವೃತ್ತ ನ್ಯಾಯಮೂರ್ತಿ ಜೆ. ಚಲಮೇಶ್ವರ್ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿಸಿತು. ಮೂರೇ ವಾರದಲ್ಲಿ ಕೇಂದ್ರಕ್ಕೆ ಕ್ಲೀನ್ ಚಿಟ್ ಸಿಕ್ಕಿತು. ಕಾನೂನಿನ ದೃಷ್ಟಿಯಲ್ಲಿ ಅನುಮಾನ ಪರಿಹಾರವಾಗಿರಬಹುದು. ನಾಂದಣಿಯ ಚಾವಡಿಯಲ್ಲಿ ಅದು ಪರಿಹಾರವಾಗಿದೆ ಎಂದು ಹೇಳುವುದು ಕಷ್ಟ.

ಕೋರ್ಟಿನಲ್ಲಿ ಗೆದ್ದು ಬೀದಿಯಲ್ಲಿ ಸೋಲುವುದು ಪ್ರಾಣಿಪರ ಹೋರಾಟಕ್ಕೆ ಹೊಸತಲ್ಲ. ಚೆನ್ನೈ ಕನ್ನಡಿಗರಿಗೆ 2017ರ ಜನವರಿಯ ಮರೀನಾ ನೆನಪಿರುತ್ತದೆ. ಸುಪ್ರೀಂ ಕೋರ್ಟ್ 2014ರಲ್ಲಿ ನಿಷೇಧಿಸಿದ್ದ ಜಲ್ಲಿಕಟ್ಟು ಆ ಜನಸಾಗರದ ಮುಂದೆ ಕಾಯ್ದೆ ತಿದ್ದುಪಡಿಯ ಮೂಲಕ ಮರಳಿತು, ಅದರ ಬೆನ್ನಿಗೆ ಕರ್ನಾಟಕವೂ ಕಂಬಳಕ್ಕೆ ಕಾಯ್ದೆ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಎರಡನ್ನೂ ಮಾನ್ಯ ಮಾಡಿತು.

ದೆಹಲಿಯ ಶಂಕರ್

ಜಾಗದ ಪ್ರಶ್ನೆಗೆ ಉತ್ತರವೇ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿ ಮೃಗಾಲಯ ಸಾಕ್ಷಿ. 1998ರಲ್ಲಿ ಜಿಂಬಾಬ್ವೆಯಿಂದ ರಾಜತಾಂತ್ರಿಕ ಉಡುಗೊರೆಯಾಗಿ ಎರಡು ಆಫ್ರಿಕನ್ ಆನೆಮರಿಗಳು ಬಂದವು. ಒಂದು ಶಂಕರ್, ಇನ್ನೊಂದು ಬಾಂಬಾಯಿ ಎಂಬ ಹೆಣ್ಣಾನೆ. ಬಾಂಬಾಯಿ ಕೆಲವೇ ವರ್ಷಗಳಲ್ಲಿ ಸತ್ತಿತು. ಏಷ್ಯಾದ ಆನೆಗಳ ಜೊತೆ ಶಂಕರ್ ಹೊಂದಿಕೊಳ್ಳಲಿಲ್ಲ. ಆಮೇಲೆ ಅದರದ್ದು ಒಂಟಿ ಬದುಕು.

2021ರಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಗೆಳೆಯರ ಜೊತೆ ಸೇರಿ ಈ ಆನೆಯ ಪರವಾಗಿ ಅಭಿಯಾನ ಶುರು ಮಾಡಿದಳು. ಆಫ್ರಿಕನ್ ಆನೆಗಳಿರುವ ಪುನರ್ವಸತಿ ಕೇಂದ್ರಕ್ಕೆ ಕಳಿಸಿ ಎಂದು ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಲಾಯಿತು. ಎರಡು ವರ್ಷದ ಬಳಿಕ, ಆನೆಗಳ ವರ್ಗಾವಣೆ ನೋಡಿಕೊಳ್ಳುವ ಸಮಿತಿಯ ಬಳಿ ಹೋಗಿ ಎಂದು ಹೇಳಿ ಕೋರ್ಟ್ ಅರ್ಜಿ ವಿಲೇವಾರಿ ಮಾಡಿತು. 2024ರ ಅಕ್ಟೋಬರ್‌ನಲ್ಲಿ ಮೃಗಾಲಯಗಳ ವಿಶ್ವ ಸಂಘಟನೆ ವಾಜಾ ದೆಹಲಿ ಮೃಗಾಲಯದ ಸದಸ್ಯತ್ವ ಅಮಾನತು ಮಾಡಿದ ಮೇಲಷ್ಟೇ ಅಧಿಕಾರಿಗಳು ಎಚ್ಚೆತ್ತರು. ಕೇಂದ್ರದ ರಾಜ್ಯ ಸಚಿವರು ಭೇಟಿ ಕೊಟ್ಟರು, ಸರಪಳಿ ಬಿಚ್ಚಲಾಯಿತು. ಜೊತೆ ಮಾತ್ರ ಸಿಗಲಿಲ್ಲ. 2025ರ ಸೆಪ್ಟೆಂಬರ್ 17ರಂದು ಶಂಕರ್ ಸತ್ತಿತು. ವಯಸ್ಸು 29. ಆಫ್ರಿಕನ್ ಆನೆಗಳು ಎಪ್ಪತ್ತು ವರ್ಷದವರೆಗೂ ಬದುಕಬಲ್ಲವು. ಇಲಿಗಳಿಂದ ಹರಡುವ ವೈರಸ್ ಸಾವಿಗೆ ಕಾರಣ ಎಂದು ಪರೀಕ್ಷೆಗಳು ಹೇಳಿದವು.

ಆನೆಯನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಒಂಟಿಯಾಗಿ ಇಡಬಾರದು ಎಂಬ ನಿಯಮ 2009ರಿಂದಲೇ ಇತ್ತು. ದೆಹಲಿಯಲ್ಲಿ, ಪರಿಸರ ಸಚಿವಾಲಯದ ಮೂಗಿನ ಕೆಳಗೆ, ಆ ನಿಯಮ ಹಾಳೆಯ ಮೇಲೆಯೇ ಉಳಿಯಿತು.

ಕರಡಿ ಬಿಟ್ಟವರ ಕಥೆ

ಹಾಗಾದರೆ ಗೆದ್ದದ್ದು ಯಾವುದು? ಈ ದೇಶದಲ್ಲಿ ಪ್ರಾಣಿಗಳನ್ನು ಕುಣಿಸುವ ಒಂದು ಪದ್ಧತಿ ಪೂರ್ತಿಯಾಗಿ ನಿಂತಿದೆ ಎಂದು ಬೆರಳು ತೋರಿಸಬಹುದಾದರೆ ಅದು ಕರಡಿ ಕುಣಿತ.

ಮೂವತ್ತೈದು ದಾಟಿದ ಕನ್ನಡಿಗರಿಗೆ ಕರಡಿ ಆಡಿಸುವವರು ಗೊತ್ತು. ಡಮರು ಸದ್ದಾದರೆ ಓಣಿಯ ಮಕ್ಕಳೆಲ್ಲ ಹೊರಗೆ. ಹೆದರುವ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತದೆ ಎಂದು ನಂಬಿದ್ದ ತಾಯಂದಿರು, ಕರಡಿಯ ಕೂದಲು ತುಂಬಿದ ತಾಯಿತ. ಅದರ ಹಿಂದಿನ ಕಥೆ ಓಣಿಗೆ ಬರುತ್ತಿರಲಿಲ್ಲ. ಮರಿಯನ್ನು ಕಾಡಿನಿಂದ ಕದ್ದು ತರಬೇಕು, ಅದಕ್ಕೆ ಎಷ್ಟೋ ಸಲ ತಾಯಿಯನ್ನು ಕೊಲ್ಲಬೇಕು. ಕಾಯಿಸಿದ ಕಬ್ಬಿಣದಿಂದ ಮೂತಿಗೆ ತೂತು ಮಾಡಿ ಹಗ್ಗ ಪೋಣಿಸಲಾಗುತ್ತಿತ್ತು, ಅರಿವಳಿಕೆ ಇಲ್ಲದೆ. ಕಚ್ಚದಿರಲಿ ಎಂದು ಹಲ್ಲು ಮುರಿಯುತ್ತಿದ್ದರು. ಕರಡಿ ಎದ್ದು ನಿಂತು ಹೆಜ್ಜೆ ಹಾಕುತ್ತಿದ್ದದ್ದು ಆ ಹಗ್ಗ ಎಳೆದಾಗ ಆಗುವ ನೋವಿಗೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಕರಡಿ, ಹುಲಿ, ಚಿರತೆ, ಕೋತಿಗಳನ್ನು ಪ್ರದರ್ಶನಕ್ಕೆ ಬಳಸುವಂತಿಲ್ಲ ಎಂಬ ಕೇಂದ್ರದ ಅಧಿಸೂಚನೆ 1991ರದು, 1998ರಲ್ಲಿ ಅದನ್ನು ಮತ್ತೆ ಹೊರಡಿಸಲಾಯಿತು. ಸರ್ಕಸ್ ಮಾಲೀಕರು ಪ್ರಶ್ನಿಸಿದರೂ ಸುಪ್ರೀಂ ಕೋರ್ಟ್ 2001ರಲ್ಲಿ ಅದನ್ನು ಎತ್ತಿಹಿಡಿಯಿತು. ಅಂದರೆ ಮೂರು ದಶಕ ಕಾನೂನಿಗೇನೂ ಕೊರತೆ ಇರಲಿಲ್ಲ, ಕರಡಿ ಮಾತ್ರ ಕುಣಿಯುತ್ತಲೇ ಇತ್ತು. ಪೊಲೀಸರು ಹಿಡಿದರೆ ಕರಡಿಯನ್ನು ಇಡುವುದೆಲ್ಲಿ? ಮಾಲೀಕನನ್ನು ಜೈಲಿಗೆ ಹಾಕಿದರೆ ಹೆಂಡತಿ ಮಕ್ಕಳು ತಿನ್ನುವುದೇನು? ಎರಡಕ್ಕೂ ಉತ್ತರವಿಲ್ಲದ ಕಾರಣ ಅಧಿಕಾರಿಗಳು ಕಂಡೂ ಕಾಣದಂತೆ ಇದ್ದರು. ಬಿಟ್ಟರೂ ಕರಡಿ ಕಾಡಿನಲ್ಲಿ ಬದುಕುವುದಿಲ್ಲ, ಹಲ್ಲಿಲ್ಲವಲ್ಲ.

1995ರಲ್ಲಿ ಬೆಂಗಳೂರು ಮೂಲದ ಕಾರ್ತಿಕ್ ಸತ್ಯನಾರಾಯಣ್ ಮತ್ತು ದೆಹಲಿಯ ಗೀತಾ ಶೇಷಮಣಿ ಕಟ್ಟಿದ ವೈಲ್ಡ್‌ಲೈಫ್ ಎಸ್‌ಒಎಸ್ ಈ ಎರಡು ಪ್ರಶ್ನೆಗಳಿಂದಲೇ ಕೆಲಸ ಶುರು ಮಾಡಿತು. ಕರಡಿ ಕುಣಿಸುವ ಕಲಂದರ್ ಸಮುದಾಯದ ಬಿಡಾರಗಳಿಗೆ ಹೋಗಿ ಅವರ ಆದಾಯ, ಸಾಲ, ಮಕ್ಕಳ ಲೆಕ್ಕ ಕೇಳಿತು. 2002ರಲ್ಲಿ ಆಗ್ರಾ ಬಳಿ ಕರಡಿಗಳಿಗೆ ಆಶ್ರಯಧಾಮ ತೆರೆಯಿತು, ಬನ್ನೇರುಘಟ್ಟದಲ್ಲೂ ಒಂದು ಕೇಂದ್ರವಾಯಿತು. ಕರಡಿ ಒಪ್ಪಿಸಿದ ಕುಟುಂಬ ಮತ್ತೆ ಈ ಕಸುಬಿಗೆ ಇಳಿಯುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಬದಲಿಗೆ ಹೊಸ ದುಡಿಮೆಗೆ ಬಂಡವಾಳ. ಒಬ್ಬ ಆಟೋ ತೆಗೆದುಕೊಂಡ, ಇನ್ನೊಬ್ಬ ಅಂಗಡಿ ಹಾಕಿದ, ಹೆಂಗಸರು ಹೊಲಿಗೆ ಕಲಿತರು, ಮಕ್ಕಳು ಶಾಲೆಗೆ ಹೋದರು. ಕೆಲವರು ಅದೇ ಕೇಂದ್ರಗಳಲ್ಲಿ ಕರಡಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಕರಡಿಯ ಸ್ವಭಾವ ಅವರಷ್ಟು ಬಲ್ಲವರು ಇನ್ಯಾರು?

2009ರ ಡಿಸೆಂಬರ್ ಹೊತ್ತಿಗೆ ಕೊನೆಯ ಕರಡಿ ರಾಜು ಬೆಂಗಳೂರಿನ ಕೇಂದ್ರ ಸೇರಿತು. ಅಷ್ಟರಲ್ಲಿ ಆರುನೂರಕ್ಕೂ ಹೆಚ್ಚು ಕರಡಿಗಳ ಮೂಗಿನ ಹಗ್ಗ ಬಿಚ್ಚಲಾಗಿತ್ತು. ಕಾಯ್ದೆ ಮೂವತ್ತು ವರ್ಷದಲ್ಲಿ ಮಾಡಲಾಗದ್ದು ಏಳು ವರ್ಷದಲ್ಲಿ ಆಯಿತು. ಕಾಯ್ದೆ ಇಲ್ಲದೆಯೂ ಇದು ಆಗುತ್ತಿರಲಿಲ್ಲ ಎಂಬುದೂ ನಿಜ. ಮುಚ್ಚಳಿಕೆಗೆ ಬಲ ಬಂದದ್ದು ಅದರಿಂದ.

ಮುಂಬೈಯ ವಿಕ್ಟೋರಿಯಾ ಗಾಡಿಗಳಲ್ಲಿ ಇದು ತಲೆಕೆಳಗಾಯಿತು. ಮರೀನ್ ಡ್ರೈವ್, ಗೇಟ್‌ವೇ ಬಳಿ ಪ್ರವಾಸಿಗರ ಮೋಜಿಗೆ ಓಡುತ್ತಿದ್ದ ಈ ಕುದುರೆ ಗಾಡಿಗಳು ಕಾನೂನುಬಾಹಿರ ಎಂದು ಬಾಂಬೆ ಹೈಕೋರ್ಟ್ 2015ರ ಜೂನ್ 8ರಂದು ತೀರ್ಪು ಕೊಟ್ಟಿತು. ಒಂದು ವರ್ಷದ ಗಡುವು, ಜೊತೆಗೆ ಗಾಡಿಯವರಿಗೂ ಕುದುರೆಗಳಿಗೂ ಪುನರ್ವಸತಿ ಯೋಜನೆ ರೂಪಿಸಲು ಸರ್ಕಾರಕ್ಕೆ ಸೂಚನೆ. ಪರಿಹಾರ ಧನವೋ ಹಾಕರ್ ಲೈಸೆನ್ಸೋ ಎಂಬ ಚರ್ಚೆ ವರ್ಷಗಟ್ಟಲೆ ಎಳೆಯಿತು. ಬ್ಯಾಟರಿ ಚಾಲಿತ ವಿಕ್ಟೋರಿಯಾ ರಸ್ತೆಗಿಳಿದದ್ದು 2021ರ ಮಾರ್ಚ್‌ನಲ್ಲಿ. ನಡುವಿನ ಆ ವರ್ಷಗಳನ್ನು ಗಾಡಿಯವರು ದೂಡಿದ್ದು ಹೇಗೆ ಎಂಬುದು ಸುದ್ದಿಯಾಗಲಿಲ್ಲ. ಕುದುರೆಗಳೂ ಸುದ್ದಿಯಿಂದ ಮರೆಯಾದವು.

ನಾಂದಣಿಗೆ ಮೊದಲೇ ಕೊಡಬಹುದಾಗಿದ್ದ ಉತ್ತರ

ಮಹಾದೇವಿ ಪ್ರಕರಣದಲ್ಲಿ ಜನರ ಸಿಟ್ಟು ಏರಿದ ಮೇಲೆ ವನತಾರಾ ಒಂದು ಪ್ರಸ್ತಾವ ಮುಂದಿಟ್ಟಿತು: ನಾಂದಣಿ ಪರಿಸರದಲ್ಲೇ ಆನೆಗೆ ಪುನರ್ವಸತಿ ಕೇಂದ್ರ ಕಟ್ಟಿಕೊಡುತ್ತೇವೆ, ಸಂಧಿವಾತಕ್ಕೆ ನೀರಿನ ಚಿಕಿತ್ಸೆಯ ಕೊಳ, ರಬ್ಬರ್ ನೆಲ, ಸರಪಳಿಯಿಲ್ಲದ ಜಾಗ ಇರುತ್ತದೆ ಎಂದು. ಇದಕ್ಕೆ ಕೋರ್ಟ್ ಮತ್ತು ಸಮಿತಿಯ ಒಪ್ಪಿಗೆ ಬೇಕು, ಆನೆಯ ಒಂಟಿತನಕ್ಕೆ ಇದರಲ್ಲಿ ಏನು ಪರಿಹಾರ ಎಂಬುದೂ ಸ್ಪಷ್ಟವಾಗಬೇಕು. ಅದೇನೇ ಇದ್ದರೂ, ಕಲ್ಲು ಬೀಳುವ ಮೊದಲು ಈ ಮಾತು ಯಾಕೆ ಮೇಜಿನ ಮೇಲೆ ಬರಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಮಠಕ್ಕೆ ಯಾಂತ್ರಿಕ ಆನೆ ಕೊಡುವುದಾಗಿ ಪೇಟಾ ಹೇಳಿತ್ತು. ಕೇರಳದ ಇರಿಂಜಾಡಪ್ಪಿಳ್ಳಿ ಕೃಷ್ಣ ದೇವಸ್ಥಾನ 2023ರಲ್ಲಿ ಅಂಥದ್ದನ್ನು ಸ್ವೀಕರಿಸಿದೆ. ಆ ದೇವಸ್ಥಾನ ತಾನಾಗಿಯೇ ಒಪ್ಪಿತ್ತು. ನಾಂದಣಿಯಲ್ಲಿ ಒಂದು ಕೈಯಲ್ಲಿ ಕೋರ್ಟ್ ಆದೇಶ, ಇನ್ನೊಂದು ಕೈಯಲ್ಲಿ ರಬ್ಬರ್ ಆನೆ ಹಿಡಿದು ಬಂದವರನ್ನು ಊರು ನಂಬಲಿಲ್ಲ.

ಮುಂದಿನ ಪ್ರಕರಣ ಕನ್ನಡಿಗರ ಅಂಗಳದಲ್ಲೇ ಇದೆ. ಸರ್ಕಾರಿ ಮೃಗಾಲಯಗಳಲ್ಲಿದ್ದ ಎರಡು ಆಫ್ರಿಕನ್ ಆನೆಗಳಲ್ಲಿ ಶಂಕರ್ ಸತ್ತ ಮೇಲೆ ಉಳಿದದ್ದು ಒಂದು. ಅದು ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿದೆ. ದಸರೆಗೋ ಬೇಸಿಗೆ ರಜೆಗೋ ಮುಂಬೈ, ಪುಣೆ, ಹೈದರಾಬಾದ್‌ನಿಂದ ಊರಿಗೆ ಹೋಗುವ ಕುಟುಂಬಗಳು ಮಕ್ಕಳ ಕೈ ಹಿಡಿದು ನೋಡಲು ಹೋಗುವ ಜಾಗ ಅದು. ಆ ಆನೆಗೆ ತನ್ನದೇ ಜಾತಿಯ ಜೊತೆ ಹುಡುಕುವ ಪ್ರಯತ್ನ ಯಾವ ಹಂತದಲ್ಲಿದೆ, ಸಿಗದಿದ್ದರೆ ಅದನ್ನು ಎಲ್ಲಿಗೆ ಕಳಿಸುವ ಯೋಚನೆಯಿದೆ ಎಂದು ಕರ್ನಾಟಕ ಮೃಗಾಲಯ ಪ್ರಾಧಿಕಾರವನ್ನು ಕೇಳಲು ವಕೀಲರು ಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ.