ಒಂದೂವರೆ ಗಂಟೆ ಹಿಂದಿನ ಹುಬ್ಬಳ್ಳಿ

ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ ಆಫೀಸಿನಲ್ಲಿ ಚಹಾದ ಹೊತ್ತಿಗೆ ಒಂದೇ ಪ್ರಶ್ನೆ: ‘ಥರ್ಟಿಫಸ್ಟ್‌ಗೆ ಎಲ್ಲಿ?’ ಮೊದಲೆಲ್ಲ ಅಲಿಬಾಗ್, ದಾಪೋಲಿ, ಹೆಚ್ಚೆಂದರೆ ಗೋವಾ ಎನ್ನುತ್ತಿದ್ದರು. 2023ರ ನವೆಂಬರ್‌ನಲ್ಲಿ ಥೈಲ್ಯಾಂಡ್ ನಮ್ಮವರಿಗೆ ವೀಸಾ ಬೇಡವೆಂದ ಮೇಲೆ ಫುಕೆಟ್ ಕೂಡ ಆ ಪಟ್ಟಿಗೆ ಸೇರಿದೆ. 2024ರ ಕೊನೆಯ ವಾರ ನಾವೂ ಮುಂಬೈಯಿಂದ ವಿಮಾನ ಹತ್ತಿದೆವು. ಅವ್ವ, ನನ್ನ ಸಂಸಾರ, ನ್ಯೂಜೆರ್ಸಿಯ ತಮ್ಮನ ಸಂಸಾರ, ಬೆಂಗಳೂರಿನ ಚಿಕ್ಕಪ್ಪನ ಮಗನ ಸಂಸಾರ, ಒಟ್ಟು ಹನ್ನೊಂದು ಮಂದಿ.

ಮೋಜಿಗಿಂತ ಜಾಗದ ಅಡಚಣಿಯೇ ಇದಕ್ಕೆ ಕಾರಣ. ಧಾರವಾಡದ ಮನೆ ಇದ್ದಾಗ ದೀಪಾವಳಿಗೆ ಇಪ್ಪತ್ತು ಜನ ಸೇರಿದರೂ ಪಡಸಾಲೆಯಲ್ಲಿ ಉದ್ದಕ್ಕೆ ಹಾಸಿಗೆ ಹಾಸಿದರೆ ಮುಗಿಯುತ್ತಿತ್ತು. ಅಪ್ಪ ಹೋದ ಮೇಲೆ ಅದನ್ನು ಮಾರಿದೆವು. ನನ್ನ ಕೊಥ್ರೂಡಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಎಲ್ಲರಿಗೂ ಕಾಲು ಚಾಚಲು ಜಾಗವಿಲ್ಲ. ಹಾಗಾಗಿ ಯಾರ ಊರೂ ಅಲ್ಲದ ಊರಿನಲ್ಲಿ ಸೇರೋಣ ಎಂದಾಯಿತು.

ಲೆಕ್ಕ ಹಾಕಿದವನು ನಾನೇ. ಟಿಕೆಟ್, ಹೋಟೆಲ್, ಓಡಾಟ ಎಲ್ಲ ಕೂಡಿಸಿ, ತಲೆಗೆ ಇಷ್ಟು ಎಂದು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ತಮ್ಮ ಎರಡು ನಿಮಿಷದಲ್ಲಿ ‘ಓಕೆ’ ಎಂದ. ಹುಬ್ಬಳ್ಳಿಯ ಅಕ್ಕನ ಉತ್ತರ ಬಂದಿದ್ದು ರಾತ್ರಿ: ‘ನೀವೆಲ್ಲಾ ಹೋಗಿ ಬರ್ರಿ. ನನಗ ಸಮುದ್ರ ಅಂದ್ರ ಅಂಜಿಕಿ.’ ನಾನು ಅಷ್ಟಕ್ಕೇ ಬಿಟ್ಟೆ. ಚಿಕ್ಕವರಿದ್ದಾಗ ಅಪ್ಪ ಕಾರವಾರಕ್ಕೆ ಕರೆದೊಯ್ದಾಗ ನೀರಿನಿಂದ ಎಲ್ಲರಿಗಿಂತ ಕಡೆಗೆ ಎದ್ದು ಬಂದವಳು ಅವಳೇ ಎಂಬುದು ನನಗೆ ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳುವುದು ಬೇಕಿರಲಿಲ್ಲ.

ನಾವು ಇಳಿದುಕೊಂಡದ್ದು ಕರೊನ್ ಕಡಲ ದಂಡೆಯಲ್ಲಿ. ಅಲ್ಲಿನ ಒಣ ಮರಳಿನ ಮೇಲೆ ಕಾಲಿಟ್ಟರೆ ಕೀಚ್ ಕೀಚ್ ಸದ್ದು ಬರುತ್ತದೆ. ಮಕ್ಕಳಿಗೆ ಅದೇ ಆಟ. ರಸ್ತೆ ಬದಿಯಲ್ಲಿ, ಸುನಾಮಿ ಬಂದರೆ ಯಾವ ಕಡೆ ಓಡಬೇಕೆಂದು ತೋರಿಸುವ ಫಲಕಗಳು. 2004ರ ಡಿಸೆಂಬರ್ 26ರ ಅಲೆ ಈ ದಂಡೆಗಳನ್ನೂ ಬಿಟ್ಟಿರಲಿಲ್ಲ. ನಮ್ಮ ನಾಗಪಟ್ಟಣಕ್ಕೂ ಇವರಿಗೂ ಅಂದು ಒಂದೇ ಸಮುದ್ರ ಬಂದು ಬಡಿದಿತ್ತು.

ಅವ್ವನ ಊಟದ್ದೇ ಚಿಂತೆಯಿತ್ತು. ಬರೀ ತರಕಾರಿ ಎಂದು ಕೇಳಿದರೂ ಅಲ್ಲಿ ಮೀನಿನ ಸಾಸ್ ಬೀಳುತ್ತದೆ. ನಮ್ಮನ್ನು ಕಾಪಾಡಿದ್ದು ‘ಜೇ’ ಎಂಬ ಪದ. ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಹಾಗೆಂದು ಬರೆದಿರುವ ಅಂಗಡಿಯಲ್ಲಿ ಮಾಂಸ, ಮೊಟ್ಟೆ ಇಲ್ಲ, ಹಾಲೂ ಇಲ್ಲ. ಮೇಲಾಗಿ ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇಲ್ಲ. ಅವ್ವ ತನ್ನ ಚಟ್ನಿಪುಡಿ ಡಬ್ಬಿ ತೆಗೆದು ಅನ್ನದ ಮೇಲೆ ಉದುರಿಸಿಕೊಂಡು, ‘ಇವರು ನಮಗಿಂತಾ ಮಡಿ ಅದಾರಲ್ಲೋ’ ಎಂದಳು.

ಮೂವತ್ತೊಂದರ ರಾತ್ರಿ ದಂಡೆಯ ತುಂಬ ಜನ. ಹನ್ನೆರಡಾಗುತ್ತಲೇ ಆಕಾಶವೆಲ್ಲ ಬಾಣಬಿರುಸು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನಾವೆಲ್ಲ ಫೋನಿಗೆ ಮುಖ ಒಡ್ಡಿ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದಾಗ ಹುಬ್ಬಳ್ಳಿಯಲ್ಲಿ ಹತ್ತೂವರೆ. ಅವಳು ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಹ್ಯಾಪಿ ನ್ಯೂ ಇಯರ್ ಎಂದು ಕೂಗಿದರೆ, ‘ನಮ್ಮಲ್ಲಿ ಇನ್ನೂ ಹಳೇ ವರ್ಷಾನ ಅದನೋ’ ಎಂದು ನಕ್ಕಳು. ಆಮೇಲೆ, ‘ಸ್ವಲ್ಪ ಸಮುದ್ರ ತೋರಿಸು’ ಎಂದಳು. ತೋರಿಸಿದೆ. ಕತ್ತಲೆಯಲ್ಲಿ ಅವಳಿಗೆ ಏನು ಕಂಡಿತೋ ಏನೋ, ಬಹಳ ಹೊತ್ತು ನೋಡಿದಳು.

ಕೋಣೆಗೆ ಬಂದು ಎಲ್ಲರೂ ಮಲಗಿದರೂ ಅವ್ವ ಬಾಲ್ಕನಿಯ ಕುರ್ಚಿ ಬಿಟ್ಟೇಳಲಿಲ್ಲ. ಯಾಕೆಂದು ಕೇಳಿದರೆ, ‘ಆಕಿಗೆ ಹನ್ನೆರಡು ಹೊಡೀಲಿ’ ಎಂದಳು. ಸೂರ್ಯ ಮುಳುಗಿದ ದಿಕ್ಕಿಗೇ ಕುರ್ಚಿ ತಿರುಗಿಸಿಕೊಂಡಿದ್ದಳು. ಆ ಸಮುದ್ರದಾಚೆ, ಪಡುವಣಕ್ಕೇ ಹುಬ್ಬಳ್ಳಿ. ನಾನೂ ಪಕ್ಕದಲ್ಲಿ ಕೂತೆ. ಒಂದೂವರೆಗೆ ಸ್ವಲ್ಪ ಮುಂಚೆ ಅವ್ವ ಹೇಳಿದಳು: ‘ಆಕಿ ಪಾಸ್‌ಪೋರ್ಟ್ ಮಾಡಿಸಿದ್ಲು, ನಾಲ್ಕೂ ಮಂದೀದು. ನಿನ್ನ ಲೆಕ್ಕ ನೋಡಿ ಕಪಾಟಿನಾಗ ಇಟ್ಲು. ನಿನಗ ಹೇಳಬ್ಯಾಡ ಅಂದಿದ್ಲು.’

ಒಂದೂವರೆಗೆ ಅವ್ವ ಫೋನ್ ಮಾಡಿದಳು. ಒಂದೇ ರಿಂಗಿಗೆ ಅಕ್ಕ ಎತ್ತಿದಳು. ನಾನು ಒಳಗೆ ಬಂದುಬಿಟ್ಟೆ.

ಮರುದಿನ ಹೋಟೆಲಿನ ಕೌಂಟರಿನ ಹುಡುಗಿಗೆ ಹೊಸ ವರ್ಷದ ಶುಭಾಶಯ ಹೇಳಿದೆ. ಅವಳು ನಕ್ಕು, ತನ್ನ ಹೊಸ ವರ್ಷ ಏಪ್ರಿಲ್‌ನ ಸೋಂಗ್‌ಕ್ರಾನ್, ಆಗ ರಜೆ ಹಾಕಿ ಈಶಾನ್ಯದ ತನ್ನ ಹಳ್ಳಿಗೆ ಹೋಗುತ್ತೇನೆ ಎಂದಳು. ಜನವರಿ ಒಂದು ಸರ್ಕಾರಿ ಹೊಸ ವರ್ಷವಾದದ್ದು 1941ರಿಂದ. ಆದರೂ ಸೋಂಗ್‌ಕ್ರಾನ್‌ಗೆ ಊರು ಬಿಟ್ಟು ದುಡಿಯುವವರೆಲ್ಲ ಮನೆಗೆ ಹೋಗಿ ಹಿರಿಯರ ಕೈಗೆ ಪರಿಮಳದ ನೀರು ಹಾಕಿ ಆಶೀರ್ವಾದ ಪಡೆಯುತ್ತಾರೆ.

ನಮಗೂ ಅಂಥದ್ದೊಂದು ಹೊಸ ವರ್ಷ ಇದೆಯಲ್ಲ! 2025ರ ಯುಗಾದಿ ಮಾರ್ಚ್ 30, ಭಾನುವಾರ ಇತ್ತು. ಪುಣೆಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿ, ‘ಶನಿವಾರದ ವಂದೇ ಭಾರತ್‌ಗೆ ಬರತೀವಿ, ಬೆಂಗಳೂರಿನವರೂ ಬರತಾರ’ ಎಂದೆ. ಪಾಸ್‌ಪೋರ್ಟಿನ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಸ್ವಲ್ಪ ಸುಮ್ಮನಿದ್ದು ಅಕ್ಕ ಕೇಳಿದಳು:

‘ತಲೆಗೆ ಎಷ್ಟು ಹಾಕಲಿ?’

ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ನಕ್ಕು, ‘ತಲೆಗೊಂದು ಹಾಸಿಗಿ ತರ್ರಿ, ಹೋಳಿಗಿ ನಂದು’ ಎಂದಳು.