ಮೊಣಕಾಲಿನೊಳಗಿನ ಹರಳು
ರಾತ್ರಿ ಚೆನ್ನಾಗಿಯೇ ಮಲಗಿದ್ದ ಹಿರಿಯರ ಮೊಣಕಾಲು ಬೆಳಗಾಗುವಷ್ಟರಲ್ಲಿ ಊದಿ, ಕೆಂಪಾಗಿ, ಮುಟ್ಟಿದರೆ ಸುಡುವಂತಾಗಿರುತ್ತದೆ. ಬಚ್ಚಲಿಗೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಮನೆಯವರು ಇದನ್ನು ವಯಸ್ಸಿನ ಸವೆತ ಎನ್ನುತ್ತಾರೆ, ಇಲ್ಲವೇ ಯೂರಿಕ್ ಆಮ್ಲದ ಗೌಟ್ ಎಂದುಕೊಂಡು ಬೇಳೆ, ಮಾಂಸ ಬಿಡಿಸುತ್ತಾರೆ. ಆದರೆ ಕೀಲಿನ ದ್ರವ ತೆಗೆದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗೌಟ್‌ನ ಸೂಜಿಯಂಥ ಹರಳುಗಳ ಬದಲು ವಜ್ರಾಕೃತಿಯ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳುಗಳು ಕಂಡರೆ ಕಾಯಿಲೆಯೇ ಬೇರೆ. ಅಮೆರಿಕದ ವೈದ್ಯ ಡೇನಿಯಲ್ ಮೆಕಾರ್ಟಿ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಇದನ್ನು ಗುರುತಿಸಿ ‘ಸ್ಯೂಡೋಗೌಟ್’ ಎಂದು ಕರೆದರು. ಇದು ಹೆಚ್ಚಾಗಿ ಕಾಡುವುದು 60 ದಾಟಿದವರನ್ನು, ಅದರಲ್ಲೂ ಅವರ ಮೊಣಕಾಲನ್ನು. ಹರಳು ಹುಟ್ಟುವುದು ಕೀಲಿನ ಮೃದ್ವಸ್ಥಿಯಲ್ಲಿ. ಊಟದ ಕ್ಯಾಲ್ಸಿಯಂ ಅದಕ್ಕೆ ಕಾರಣವಲ್ಲ, ಹಾಗಾಗಿ ರಾಗಿಮುದ್ದೆ, ಹಾಲು ಬಿಡಬೇಕಿಲ್ಲ. ಈ ಹರಳನ್ನು ಕರಗಿಸುವ ಔಷಧ ಇನ್ನೂ ಇಲ್ಲ. ದ್ರವ ಹೊರತೆಗೆಯುವುದು, ಕೀಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು, ಕಡಿಮೆ ಪ್ರಮಾಣದ ಕಾಲ್ಚಿಸಿನ್, ಐಸ್, ಕೆಲ ದಿನಗಳ ವಿಶ್ರಾಂತಿ ಇವು ಉರಿಯೂತ ಇಳಿಸುತ್ತವೆ. ಮೂತ್ರಪಿಂಡ ದುರ್ಬಲವಿರುವ ಹಿರಿಯರು ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ತಾವಾಗಿಯೇ ನುಂಗುವುದು ಅಪಾಯಕಾರಿ. ಜೊತೆಗೆ ಜ್ವರವೂ ಇದ್ದರೆ, ಕೀಲಿಗೆ ಸೋಂಕು ತಗುಲಿಲ್ಲವೆಂದು ಅದೇ ದಿನ ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.