ಕಳೆದುಹೋದ ಪಾರ್ಸೆಲ್ ಮತ್ತು ನಮ್ಮ ಸಾಕ್ಷ್ಯ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜೇನು, ಮುರುಗಲು, ಕಾಳುಮೆಣಸು ಇಂದು ಆನ್‌ಲೈನ್ ಮೂಲಕವೂ ದೂರದ ಊರುಗಳಿಗೆ ಮಾರಾಟವಾಗುತ್ತಿವೆ. ಪಾರ್ಸೆಲ್ ದಾರಿಯಲ್ಲಿ ಕಾಣೆಯಾದರೆ ಕೊಂಡವರು ಮಾರಿದವರನ್ನು ವಂಚಕರೆಂದು ಬರೆದುಬಿಡುತ್ತಾರೆ. ಮಾರಿದವರು ಅಂಚೆ ರಸೀದಿ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಎರಡೂ ಅನ್ಯಾಯವೇ.

ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುವ ಸಹೋದರಿಯ ಅನ್ನದ ದಾರಿಯನ್ನು ಅಂತಹ ಒಂದು ಸಾಲು ಮುಚ್ಚಬಲ್ಲದು. ಸುದ್ದಿಯನ್ನು ಪರಿಶೀಲಿಸದೆ ಅನ್ಯರಿಗೆ ಹಾನಿ ಮಾಡುವುದರ ವಿರುದ್ಧ ಪವಿತ್ರ ಕುರ್‌ಆನಿನ 49ನೇ ಅಧ್ಯಾಯವು ಎಚ್ಚರಿಸಿದೆ. ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿತಗೊಳಿಸುವವರನ್ನು 83ನೇ ಅಧ್ಯಾಯವು ಖಂಡಿಸಿದೆ.

ಮಾರಾಟಗಾರರು ಗ್ರಾಹಕರ ವೇಷದಲ್ಲಿ ಹೊಗಳಿಕೊಳ್ಳುವುದನ್ನು 2020ರ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ಆದರೆ ದುಡುಕಿ ದೂಷಿಸುವ ಬೆರಳನ್ನು ತಡೆಯಬೇಕಾದುದು ಅಲ್ಲಾಹನ ಭಯ. ಮಾರಿದವರು ಹಣ ಮರಳಿಸಲಿ ಅಥವಾ ಸರಕನ್ನು ಮತ್ತೆ ಕಳುಹಿಸಲಿ. ಕೊಂಡವರು ಮೊದಲು ವಿಚಾರಿಸಲಿ; ಪಾರ್ಸೆಲ್ ತಡವಾಗಿ ತಲುಪಿದರೆ ಬರೆದುದನ್ನು ತಿದ್ದಲಿ. ಅಭಿಪ್ರಾಯವೂ ಒಂದು ಸಾಕ್ಷ್ಯ. ನಾಳೆ ಅದಕ್ಕೂ ಲೆಕ್ಕ ಕೊಡಬೇಕಾಗಿದೆ.